ಅವಧಿ ಮೀರಿದ ಮಾಲೆ

ಹಾಸ್ಟೆಲ್ಲಿನ ಚಾರ್ಜ್ ಒಪ್ಪಿಸುವ ದಿನ ನಾನು ಬೆಳಿಗ್ಗೆಯೇ ಕೂತು ಪಟ್ಟಿ ಮಾಡಿದೆ. ಕೋಣೆಗಳ ಬೀಗದಕೈ, ಹಾಜರಿ ಪುಸ್ತಕಗಳು, ಗೋಡೆ ಗಡಿಯಾರ, ಪ್ರಾರ್ಥನೆಯ ಗಂಟೆ, ಪ್ರಥಮ ಚಿಕಿತ್ಸೆಯ ಡಬ್ಬಿ. ಒಂದೊಂದರ ಮುಂದೆಯೂ ಹೊಸ ವಾರ್ಡನ್ನರ ಸಹಿ ಹಾಕಿಸಿದೆ. ಮೇಜಿನ ಕೆಳಗಿನ ಖಾನೆ ಎಳೆದಾಗ ಕೈಗೆ ಸಿಕ್ಕ ಒಂದು ವಸ್ತುವನ್ನು ಮಾತ್ರ ಪಟ್ಟಿಯಲ್ಲಿ ಬರೆಯಲಾಗಲಿಲ್ಲ. ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿಟ್ಟ ತುಳಸಿಮಣಿಯ ಮಾಲೆ; ಅದರ ತುದಿಗೆ ಅಯ್ಯಪ್ಪನ ಸಣ್ಣ ಪದಕ. ಅದು ಕಾಲೇಜಿನದಲ್ಲ, ನನ್ನದೂ ಅಲ್ಲ. ಮೂರು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿಯ ಕೊರಳಿನಿಂದ ನಾನೇ ತೆಗೆಸಿದ್ದು. ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ನಾನು ಓದಿದ್ದು ಹುನಗುಂದದ ಒಂದು ಪ್ರಸಾದ ನಿಲಯದಲ್ಲಿ ಇದ್ದುಕೊಂಡು. ನಸುಕಿನ ನಾಲ್ಕೂವರೆಗೆ ಗಂಟೆ, ತಣ್ಣೀರ ಸ್ನಾನ, ವಿಭೂತಿ, ಪ್ರಾರ್ಥನೆ, ಓದು. ತಡವಾಗಿ ಎದ್ದವನಿಗೆ ಅಂದು ಮೊದಲ ಪಂಕ್ತಿ ಇಲ್ಲ. ತಾಟು ತೊಳೆದು ತೋರಿಸಿದ ಮೇಲೆಯೇ ಹೊರಗೆ ಹೋಗಬೇಕು. ಆ ಏಳು ವರ್ಷಗಳಲ್ಲಿ ನನಗೆ ಮೈಗೂಡಿದ ಶಿಸ್ತು ಮುಂದೆ ನೌಕರಿಯುದ್ದಕ್ಕೂ ಅನ್ನ ಹಾಕಿತು. ಬಾಗಲಕೋಟೆಯ ನವನಗರದಲ್ಲಿ ಪದವಿ ಕಾಲೇಜಿನ ಹಾಸ್ಟೆಲ್ಲಿಗೆ ವಾರ್ಡನ್ ಆದಾಗ ನಾನು ತಂದದ್ದೂ ಅದನ್ನೇ. ಸಂಜೆ ಏಳೂವರೆಗೆ ಹಾಜರಿ. ಹೆಸರು ಕರೆದ ಹುಡುಗ ನನ್ನ ಮುಂದೆ ಬಂದು ಕೈ ಹಿಂದೆ ಕಟ್ಟಿ ನಿಲ್ಲಬೇಕು. ನಾನು 'ಊದು' ಅನ್ನುತ್ತಿದ್ದೆ. ಅವನು ಊದಬೇಕು. ಕುಡಿದವನ ವಾಸನೆ ನನ್ನ ಮೂಗಿಗೆ ತಪ್ಪುತ್ತಿರಲಿಲ್ಲ. ಮೊದಲ ಸಲ ಸಿಕ್ಕರೆ ಮನೆಗೆ ಪತ್ರ, ಎರಡನೇ ಸಲ ಸಿಕ್ಕರೆ ಹಾಸ್ಟೆಲ್ಲಿನಿಂದ ಹೊರಗೆ. ನೂರು ಹುಡುಗರನ್ನು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದೆ. ಬೇರೆ ಹಾಸ್ಟೆಲ್ಲಿನವರು ಬಂದು ನೋಡಿ ಹೋಗಿದ್ದುಂಟು.

ಯಾರು ಕುಡಿದಿದ್ದಾನೆ ಎಂಬುದನ್ನು ಹೀಗೆ ಕಂಡುಹಿಡಿಯಬಹುದಿತ್ತು. ಯಾರಿಗೆ ಕುಡಿಸುತ್ತಿದ್ದಾರೆ, ಯಾರು ಹೇಗೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ಮೂಗಿಗೆ ತಿಳಿಯುವ ವಿಷಯವಲ್ಲ. ಅದು ತಿಳಿದದ್ದು ಓದು ಮುಗಿಸಿ ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಮಾತಾಡಿದಾಗ. ಒಬ್ಬ ಎರಡು ವರ್ಷ ಕಾಮಣಿ ಬೇನೆ, ಕುಡಿದರೆ ಜೀವಕ್ಕೇ ಕುತ್ತು ಎಂದು ಹೇಳಿಕೊಂಡು ತಿರುಗಿದ್ದನಂತೆ. ಜೇಬಿನಲ್ಲಿ ಯಾವುದೋ ಗುಳಿಗೆಯ ಪಟ್ಟಿ ಇರುತ್ತಿತ್ತು. ಇನ್ನೊಬ್ಬ ಪ್ರತಿ ಸಲವೂ 'ಗಾಡಿ ನಾ ಹೊಡೀತೇನಿ' ಎಂದು ಮುಂದಾಗಿಯೇ ಬೈಕಿನ ಕೀಲಿ ಕಿತ್ತುಕೊಳ್ಳುತ್ತಿದ್ದ. ಮತ್ತೊಬ್ಬ ಬಡಿಸುವವನಾದ. ಮಿರ್ಚಿ ತಂದು, ಉಳ್ಳಾಗಡ್ಡಿ ಹೆಚ್ಚಿ, ಎಲ್ಲರ ತಾಟಿಗೆ ಹಾಕುತ್ತ ಕೂಡಲಿಕ್ಕೇ ಪುರುಸೊತ್ತಿಲ್ಲದ ಹಾಗೆ ಓಡಾಡುತ್ತಿದ್ದ. 'ಬಡಸಾಂವಗ ಯಾರೂ ಕುಡಿ ಅನ್ನೂದಿಲ್ರಿ ಸರ್' ಎಂದ. ನಾನು ಕೇಳಿ ನಕ್ಕಿದ್ದೆ.

ನಗುವುದಕ್ಕೆ ನನಗೆ ಹಕ್ಕಿರಲಿಲ್ಲ. ನಮ್ಮ ಅಧ್ಯಾಪಕರ ಕೂಟಗಳು ಸಾಮಾನ್ಯವಾಗಿ ಶನಿವಾರವೇ ಇರುತ್ತಿದ್ದವು. ಯಾರದೋ ಬಡ್ತಿ, ಯಾರದೋ ಮನೆಯ ವಾಸ್ತು. ಗ್ಲಾಸು ನನ್ನ ಮುಂದೆ ಬಂದ ಕೂಡಲೇ 'ಇವತ್ತ ಶನಿವಾರ, ನಂದು ಒಪ್ಪತ್ತು' ಎನ್ನುತ್ತಿದ್ದೆ. ಹನುಮಪ್ಪನ ಹೆಸರು ಬಂದರೆ ಯಾರೂ ಮುಂದೆ ಮಾತಾಡುತ್ತಿರಲಿಲ್ಲ. ಬಾಳೆಹಣ್ಣು ತಂದು ಕೊಡುತ್ತಿದ್ದರು. ಶನಿವಾರ ಒಂದೇ ಹೊತ್ತು ಉಣ್ಣುತ್ತಿದ್ದವಳು ನನ್ನ ಅವ್ವ. ನಾನಲ್ಲ. ನಾನು ಮನೆಗೆ ಬಂದು ರೊಟ್ಟಿ ಉಂಡು ಮಲಗುತ್ತಿದ್ದೆ.

ಆ ಹುಡುಗ ಇಳಕಲ್ಲಿನವನು. ಹಾಸ್ಟೆಲ್ಲಿಗೆ ಸೇರುವ ದಿನ ಅರ್ಜಿ ನೋಡುತ್ತ ಕೇಳಿದ್ದೆ.

"ಅಪ್ಪ ಏನ ಮಾಡ್ತಾರ?"

"ನೇಯ್ತಾರ್ರಿ. ಸೀರಿ."

"ಚಲೋ ಆತು."

"ಮೊದಲ ಭಾಳ ಚಲೋ ನೇಯ್ತಿದ್ರು ರಿ" ಎಂದ.

ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಒಡಲಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಕೈ ನಡುಗುವವನಿಂದ ಆಗುವ ಕೆಲಸವಲ್ಲ. ಅವನ ಅಪ್ಪನ ಕೈ ಬೆಳಿಗ್ಗೆ ಕುಡಿಯದಿದ್ದರೆ ನಡುಗುತ್ತಿತ್ತು, ಕುಡಿದರೆ ಎಳೆ ಕಾಣುತ್ತಿರಲಿಲ್ಲ. ಆ ಕೆಲಸ ಅವನ ಅವ್ವನ ಪಾಲಿಗೆ ಬಂದಿತ್ತು. ಇದೆಲ್ಲ ನನಗೆ ತಿಳಿದದ್ದು ಮುಂದಿನ ವರ್ಷ, ಅವನ ಅವ್ವ ಬಾಗಲಕೋಟೆಗೆ ಬಂದಾಗ.

ಅವಳು ಬರುವಂತೆ ಮಾಡಿದ್ದು ನಾನೇ. ಎರಡನೇ ವರ್ಷದವರು ಒಂದು ಭಾನುವಾರ ಬಾದಾಮಿಗೆ ಹೋಗಿದ್ದರು. ಗುಹೆ ನೋಡಿ, ಹೊಂಡದ ದಂಡೆಯಲ್ಲಿ ಬುತ್ತಿ ಉಂಡು, ಸಂಜೆ ಹಾಜರಿಯ ಹೊತ್ತಿಗೆ ಸರಿಯಾಗಿ ಬಂದರು. ಸಾಲಿನಲ್ಲಿ ಅವನು ಬಂದಾಗ ವಾಸನೆ ಹೊಡೆಯಿತು. ಊದಿಸಿದೆ. ಉಸಿರಿನಲ್ಲಿ ಇರಲಿಲ್ಲ, ಅಂಗಿಯಲ್ಲಿತ್ತು. ಎದೆಯ ಮೇಲಿನ ಬಟ್ಟೆ ಇನ್ನೂ ಹಸಿಯಾಗಿತ್ತು.

"ಅಂಗಿ ತಾನ ಕುಡೀತೇನು?"

"ಇಲ್ರಿ. ಚೆಲ್ತ್ರಿ."

"ಯಾರು ಚೆಲ್ಲಿದ್ರು?"

ಅವನು ಹಸಿ ಬಟ್ಟೆಯನ್ನು ಮೈಯಿಂದ ಬಿಡಿಸಿ ಹಿಡಿದ. ಹಿಂದೆ ನಿಂತವರು ನೆಲ ನೋಡುತ್ತಿದ್ದರು. ಬಾಯಿಗೆ ಹಿಡಿದದ್ದನ್ನು ಅವನು ಮುಖ ತಿರುಗಿಸಿ ತಪ್ಪಿಸಿಕೊಂಡಿದ್ದಾನೆ, ಅದಕ್ಕೇ ಅಂಗಿಯ ಮೇಲೆ ಬಿದ್ದಿದೆ ಎಂಬುದು ಅಷ್ಟು ಹತ್ತಿರದಿಂದ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿ ಮನೆಗೆ ಪತ್ರ ಬರೆದೆ.

ಮೂರನೇ ದಿನ ಅವ್ವ ಬಂದಳು. ಆಫೀಸಿನ ಬೆಂಚಿನ ತುದಿಯಲ್ಲಿ ಕೂತಳು. ನಾನು ನಿಯಮ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ನಮ್ಮ ಮನಿಗೆ ಒಬ್ಬರ ಸಾಕ್ರಿ ಸರ್ರ" ಎಂದಳು. ಮಗನನ್ನು ಹತ್ತಿರ ಕರೆದು ಅವನ ಕೈ ತನ್ನ ತಲೆಯ ಮೇಲೆ ಇರಿಸಿಕೊಂಡಳು.

"ಮುಟ್ಟೂದಿಲ್ಲ ಅನ್ನು."

"ನಾ ಮುಟ್ಟಿಲ್ಲ ಬೇ."

"ಮುಟ್ಟಿಲ್ಲ ಅಲ್ಲ. ಮುಟ್ಟೂದಿಲ್ಲ ಅನ್ನು."

"ಮುಟ್ಟೂದಿಲ್ಲ."

ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತಂತೆ.

ನವೆಂಬರ್ ಕೊನೆಯ ವಾರ ಅವನು ಕಪ್ಪು ಪಂಚೆ, ಬರಿಗಾಲು, ಹಣೆಗೆ ಗಂಧ, ಕೊರಳಲ್ಲಿ ಮಾಲೆ ಹಾಕಿಕೊಂಡು ಬಂದು ನಿಂತ. ಈ ಸಲ ಶಬರಿಮಲೆಗೆ ಹೋಗುತ್ತೇನೆ ಎಂದ. ನಾನು ಸಂತೋಷದಿಂದಲೇ ಒಪ್ಪಿದೆ. ಮಾಲೆಯ ದಿನಚರಿ ನನ್ನ ಮನಸ್ಸಿಗೆ ಹಿಡಿಸುವಂಥದು: ಎರಡು ಹೊತ್ತು ತಣ್ಣೀರ ಸ್ನಾನ, ಚಾಪೆಯ ಮೇಲೆ ನಿದ್ದೆ, ಮಿತ ಊಟ. ಅವನಿಗೆ ಬೇರೆ ಕೋಣೆ ಕೊಟ್ಟೆ. ಅಡುಗೆಯವರಿಗೆ ಉಳ್ಳಾಗಡ್ಡಿ ಹಾಕದೆ ಮೊದಲೇ ಪಲ್ಯ ತೆಗೆದಿಡಲು ಹೇಳಿದೆ. ಬೂಟಿಲ್ಲದೆ ತರಗತಿಗೆ ಬರಲು ಅನುಮತಿ ಬರೆದುಕೊಟ್ಟೆ. ಹಾಜರಿಯಲ್ಲಿ ಊದು ಎನ್ನುವುದನ್ನೂ ಬಿಟ್ಟೆ.

ಆಮೇಲೆ ಆದ ಬದಲಾವಣೆಯನ್ನು ನಾನು ಕಣ್ಣಾರೆ ಕಂಡೆ, ಅರ್ಥ ಮಾಡಿಕೊಳ್ಳಲಿಲ್ಲ. ಮೊದಲು ಅವನ ಹೆಗಲಿಗೆ ಕೈಹಾಕಿ ಎಳೆದುಕೊಂಡು ಹೋಗುತ್ತಿದ್ದ ಹುಡುಗರೇ ಈಗ ಮೆಟ್ಟಿಲಲ್ಲಿ ಅವನನ್ನು ಕಂಡರೆ, "ಸ್ವಾಮ್ಯಾರು ಬಂದ್ರು, ಹಾದಿ ಬಿಡ್ರಲೇ" ಎಂದು ಗೋಡೆಗೆ ಆತು ನಿಲ್ಲುತ್ತಿದ್ದರು. ಚೇಷ್ಟೆಗೆ ಅನ್ನುತ್ತಿದ್ದರು, ಆದರೆ ಹಾದಿಯನ್ನು ಖರೆಯಾಗಿಯೇ ಬಿಡುತ್ತಿದ್ದರು. ಎಂಥ ಪುಂಡನಿಗೂ ಮಾಲೆ ಹಾಕಿದವನ ಮುಂದೆ ಗ್ಲಾಸು ಹಿಡಿಯುವ ಧೈರ್ಯ ಇರಲಿಲ್ಲ. ಹುಟ್ಟುಹಬ್ಬದ ಪಾರ್ಟಿಗೆ ಅವನನ್ನು ಕರೆದರೂ ಕೇಕು ತಿನ್ನಿಸಿ ಮೊದಲೇ ಕಳಿಸಿಬಿಡುತ್ತಿದ್ದರು. ಆ ಸೆಮಿಸ್ಟರಿನಲ್ಲಿ ಅವನಿಗೆ ಒಳ್ಳೆಯ ಅಂಕ ಬಂದವು. ಅಂಗಳದ ಕಟ್ಟೆಯ ಮೇಲೆ ಕೂತು ನಗುತ್ತ ಮಾತಾಡುವುದನ್ನು ನಾನು ಅದೇ ಮೊದಲ ಸಲ ಕಂಡದ್ದು.

ಜನವರಿಯಲ್ಲಿ ಊರಿನವರ ಜೊತೆ ಹೋಗಿಬಂದ. ಬಂದವನು ಮಾಲೆ ತೆಗೆಯಲಿಲ್ಲ. ಸಂಕ್ರಾಂತಿ ಆಯಿತು, ಶಿವರಾತ್ರಿಯೂ ಆಯಿತು. ಒಂದು ದಿನ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ ಆಫೀಸಿಗೆ ಬಂದ. ಹುಡುಗರ ನಡುವೆ ಮುಂದಾಳು, ನನ್ನ ಮುಂದೆ ಬಹಳ ವಿನಯ.

"ಸರ್, ಒಂದು ಧರ್ಮದ ವಿಚಾರ ಇತ್ರಿ."

"ಹೇಳು."

"ಸ್ವಾಮ್ಯಾರು ಹೋಗಿ ಬಂದು ಎಷ್ಟ ದಿನ ಆತ್ರಿ. ಇನ್ನೂ ಮಾಲಿ ಹಾಕ್ಕೊಂಡ ಅದಾರ. ಮೆಸ್ಸಿನಾಗ ಬ್ಯಾರೆ ಊಟ, ಬ್ಯಾರೆ ಕೋಣಿ. ನಮಗೇನಿಲ್ರಿ, ದೇವರ ಹೆಸರಾಗ ಹಿಂಗ ಆಗಬಾರದಲ್ರಿ."

ಅವನು ಹೋದ ಮೇಲೆ ಗೋಡೆಯ ಕ್ಯಾಲೆಂಡರ್ ತೆಗೆದು ಎಣಿಸಿದೆ. ಮಂಡಲವೆಂದರೆ ನಲವತ್ತೊಂದು ದಿನ. ಇವನದು ನೂರು ದಾಟಿತ್ತು. ಹೋಳಿ ಹಬ್ಬಕ್ಕೆ ಒಂದೇ ವಾರ ಉಳಿದಿತ್ತು. ನೂರು ಎಂಬುದು ನನಗೆ ಕಂಡಿತು, ಹೋಳಿ ಕಾಣಲಿಲ್ಲ. ಪ್ರಾರ್ಥನೆಯಲ್ಲಿ ಹಚ್ಚಿದ ಭಸ್ಮವನ್ನು ದಾರಿಯಲ್ಲೇ ಅಳಿಸಿಕೊಂಡು ಓಡಾಡುವ ಆ ಮುಂದಾಳಿಗೆ ಒಮ್ಮೆಲೇ ಧರ್ಮದ ಚಿಂತೆ ಯಾಕೆ ಬಂತು ಎಂದೂ ಹೊಳೆಯಲಿಲ್ಲ. ಮರುದಿನ ಹತ್ತೂವರೆಗೆ ಹುಡುಗನನ್ನು ಕರೆಸಿದೆ.

"ಯಾತ್ರಿ ಮುಗೀತಲ್ಲಾ?"

"ಮುಗೀತ್ರಿ."

"ಮತ್ತ ಇದು?"

"ಇನ್ನ ಸ್ವಲ್ಪ ದಿನ ಇರ್ಲಿ ಬಿಡ್ರಿ ಸರ್."

"ಇರ್ಲಿ ಅಂದ್ರ ಹೆಂಗ? ವ್ರತಕ್ಕ ಒಂದು ಅವಧಿ ಅಂತ ಇರ್ತೈತಿ."

"ಹೋಳಿ ಮುಗಿಯೂ ಮಟಾ ಅಷ್ಟರಿ. ಮರದಿನ ನಾನ ಊರಿಗೆ ಹೋಗಿ ಅವ್ವನ ಕೈಲೆ ತೆಗಸ್ಕೊಂಡ ಬರ್ತೇನಿ."

"ಹೋಳಿಗೂ ಅಯ್ಯಪ್ಪಗೂ ಏನ ಸಂಬಂಧ?"

ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ. "ಕೊರಳಾಗ ಇದು ಇಲ್ಲಂದ್ರ ಅವರು ನನ್ನ ಬಿಡೂದಿಲ್ರಿ ಸರ್. ಹೋಳಿಗೆ ಕುಡಸೇ ಕುಡಸ್ತೇವಿ ಅಂತ ಪಂಥ ಕಟ್ಯಾರ."

"ಒಲ್ಲೆ ಅನ್ನು."

"ಅಂದೇನ್ರಿ. ಬಾದಾಮ್ಯಾಗ ಅಂದೇನಿ."

"ಇನ್ನೊಮ್ಮೆ ಗಟ್ಟ್ಯಾಗಿ ಅನ್ನು. ಮೂವತ್ತು ವರ್ಷ ನೌಕರಿ ಮಾಡೇನಿ, ಒಂದ ಹನಿ ಮುಟ್ಟಿಲ್ಲ ನಾನು."

"ನಿಮಗ ಯಾರೂ ಒತ್ತಾಯ ಮಾಡಿಲ್ಲೇನ್ರಿ?"

"ಮಾಡ್ಯಾರ. ಒಲ್ಲೆ ಅಂದೆ, ಮುಗೀತು." ಹೀಗೆಂದೆ. ಹೇಳುವಾಗ ಶನಿವಾರಗಳು ನೆನಪಿಗೂ ಬರಲಿಲ್ಲ. "ದೇವರನ್ನ ಕಾವಲಕ್ಕ ನಿಲ್ಲಸ್ತೀ ಏನ ನೀ?"

"ಮತ್ತ್ಯಾರನ್ನ ನಿಲ್ಲಸ್ಲಿ ಸರ್?"

ಅವನು ಉದ್ಧಟತನದಿಂದ ಕೇಳಲಿಲ್ಲ. ಖರೆಯಾಗಿಯೇ ಕೇಳಿದ. ಆದರೆ ನಾನು ಅದನ್ನು ಎದುರುತ್ತರ ಎಂದು ತಿಳಿದೆ. ಊರಿಗೆ ಹೋಗಿ ತೆಗೆಸಿಕೊಂಡು ಬರಲು ರಜೆ ಕೇಳಿದ. ಆ ವಾರ ಪರೀಕ್ಷೆ ಇತ್ತು, ರಜೆ ಕೊಡಲಿಲ್ಲ. ಹಾಕಿದ ಗುರುಸ್ವಾಮಿಯೋ ಹೆತ್ತ ತಾಯಿಯೋ ತೆಗೆಯಬೇಕಾದ ಮಾಲೆಯನ್ನು ನನ್ನ ಆಫೀಸಿನಲ್ಲಿ, ಗೋಡೆಯ ಕ್ಯಾಲೆಂಡರಿನ ದೇವರ ಕಡೆ ತಿರುಗಿ, ತನ್ನ ಕೈಯಿಂದ ತಾನೇ ತೆಗೆದ. ಎಲ್ಲಿಡಬೇಕು ತಿಳಿಯದೆ ಹಾಜರಿ ಪುಸ್ತಕದ ಮೇಲೆ ಇಟ್ಟ. ನಾನು ಕಾಗದದಲ್ಲಿ ಸುತ್ತಿ ಖಾನೆಗೆ ಹಾಕಿದೆ. "ಮುಂದಿನ ವರ್ಷ ಹೋಗೂ ಮುಂದ ಒಯ್ಯಿ" ಎಂದೆ. ಅವನು ಕೊರಳ ಮೇಲೆ ಕೈ ಇಟ್ಟುಕೊಂಡೇ ಬಾಗಿಲು ದಾಟಿದ.

ಅಂದು ಸಂಜೆ ಅವನ ಹೆಸರು ಬಂದಾಗ ಊದು ಎಂದೆ. ಊದಿದ. ಸ್ವಚ್ಛವಿತ್ತು. ಸಾಲಿನ ಹಿಂದಿನಿಂದ ಯಾರೋ, "ಸ್ವಾಮ್ಯಾರು ಮನಷ್ಯಾರಾದ್ರಲೇ" ಎಂದರು. ನಾನು ಗಲಾಟೆ ಮಾಡಬೇಡಿ ಎಂದೆ.

ಬಾಗಲಕೋಟೆಯ ಹೋಳಿ ಒಂದು ದಿನದ್ದಲ್ಲ. ಹಲಗೆ ವಾದ್ಯದ ಸದ್ದು ವಾರ ಮೊದಲೇ ಶುರುವಾಗಿರುತ್ತದೆ. ಆಮೇಲೆ ಬಂಡಿಗಳ ಮೇಲೆ ಬಣ್ಣದ ಬ್ಯಾರಲ್ಲು ಹೇರಿಕೊಂಡು ಓಣಿ ಓಣಿಗಳವರು ಎದುರುಬದುರು ನಿಲ್ಲುತ್ತಾರೆ. ನಾನು ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಉತ್ತರಪತ್ರಿಕೆ ನೋಡುತ್ತೇನೆ. ಎರಡನೇ ದಿನ ಮಧ್ಯಾಹ್ನ ನಮ್ಮ ಕಾಲೇಜಿನ ತರುಣ ಅಧ್ಯಾಪಕರೊಬ್ಬರು ಮನೆಗೆ ಬಂದು ಮೊಬೈಲ್ ತೋರಿಸಿದರು. ಹುಡುಗನೊಬ್ಬ ವಾಟ್ಸ್ಯಾಪಿನಲ್ಲಿ ವಿಡಿಯೊ ಸ್ಟೇಟಸ್ ಹಾಕಿದ್ದ. ಎಲ್ಲರೂ ಕೆಂಪು ಹಸಿರು ಬಳಿದುಕೊಂಡಿದ್ದರು, ಯಾರ ಗುರುತೂ ಹತ್ತುವ ಹಾಗಿರಲಿಲ್ಲ. ನಡುವೆ ಒಬ್ಬ ಕೊರಳ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಬಾಟಲಿ ಅವನ ಬಾಯಿಗೆ ಹಿಡಿದಿದ್ದರು. ಹಲಗೆಯ ಬಡಿತದ ನಡುವೆ "ಸ್ವಾಮಿಯೇ ಶರಣಂ" ಎಂದು ಕೂಗುತ್ತಿದ್ದರು. ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಮುಖ ತಿರುಗಿಸಲೂ ಇಲ್ಲ. ಕುಡಿದ.

ಸಂಜೆ ಏಳೂವರೆಗೆ ಹಾಜರಿ ತೆಗೆದುಕೊಂಡೆ. ಆ ಮುಂದಾಳು, ಅವನ ಗುಂಪಿನವರು ಒಬ್ಬರೂ ಇರಲಿಲ್ಲ; ಹಬ್ಬಕ್ಕೆ ಊರಿಗೆ ಹೋಗುತ್ತೇವೆ ಎಂದು ವಾರ ಮೊದಲೇ ಅರ್ಜಿ ಕೊಟ್ಟು ನನ್ನ ಸಹಿ ಪಡೆದಿದ್ದರು. ಅರ್ಜಿಗಳೆಲ್ಲ ಸರಿಯಾಗಿದ್ದವು. ಇವನು ಮಾತ್ರ ಮೈ ತೊಳೆದುಕೊಂಡು, ಕಿವಿಯ ಹಿಂದೆ ಹಸಿರು ಉಳಿದದ್ದು ತಿಳಿಯದೆ, ಹೊತ್ತಿಗೆ ಸರಿಯಾಗಿ ಬಂದು ಸಾಲಿನಲ್ಲಿ ನಿಂತ. ಊದು ಎನ್ನುವ ಮೊದಲೇ ಊದಿದ.

ಬಾದಾಮಿಯದು ಒಂದು, ಇದು ಎರಡು. ಪುಸ್ತಕದಲ್ಲಿ ಹಾಗೇ ಇತ್ತು. ಸ್ಟೇಟಸ್ ಹಾಕಿದವನನ್ನು ಕರೆಸಿ ವಿಚಾರಿಸಬಹುದಿತ್ತು, ವಿಚಾರಿಸಲಿಲ್ಲ. ಊರಿಗೆಂದು ಹೋದವರು ತಿರುಗಿ ಬಂದ ದಿನ ಅವರ ಬಾಯಲ್ಲಿ ವಾಸನೆ ಇರಲಿಲ್ಲ, ನನ್ನ ನಿಯಮಕ್ಕೆ ಬೇಕಾದದ್ದು ವಾಸನೆ. ಮರುದಿನ ಇವನು ಟ್ರಂಕು ಹಿಡಿದುಕೊಂಡು ಆಫೀಸಿಗೆ ಬಂದ.

"ಏನರ ಹೇಳೂದೈತೇನು?" ಎಂದು ಕೇಳಿದೆ.

"ಇಲ್ರಿ. ರೂಲ್ ಐತಲ್ರಿ."

ಮಾಲೆ ಕೇಳಲಿಲ್ಲ. ನಾನೂ ಕೊಡಲಿಲ್ಲ. ಆಮೇಲೆ ಬಸ್ ನಿಲ್ದಾಣದ ಹಿಂದೆ ಬಾಡಿಗೆ ಕೋಣೆ ಹಿಡಿದಿದ್ದಾನೆ, ಅದೇ ಹುಡುಗರು ಅಲ್ಲಿಗೆ ಹೋಗಿ ಕೂಡುತ್ತಾರೆ ಎಂದು ಕೇಳಿದೆ. ಮುಂದಿನ ವರ್ಷ ಹಾಜರಾತಿ ಕಡಿಮೆಯಾದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಪರೀಕ್ಷೆಗೆ ಕೂಡಲಿಲ್ಲ. ಅವನಿಗೆ ಕುಡಿಸಿದ ಮುಂದಾಳು ಪದವಿ ಮುಗಿಸಿ, ನನಗೊಂದು ಪೇಡೆಯ ಡಬ್ಬಿ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋದ.

ನಿವೃತ್ತನಾದ ಎರಡನೇ ವಾರ ಇಳಕಲ್ ಬಸ್ಸು ಹತ್ತಿದೆ. ಹುನಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಪ್ರತಿ ಸಲವೂ ಇಳಿದು ಪ್ರಸಾದ ನಿಲಯದ ಕಡೆ ಹೋಗಿಬರುವವನು ಅಂದು ಸೀಟಿನಲ್ಲಿಯೇ ಕೂತೆ. ಇಳಕಲ್ಲಿನಲ್ಲಿ ಹಳೆಯ ಅರ್ಜಿಯಿಂದ ಬರೆದುಕೊಂಡಿದ್ದ ಓಣಿಯನ್ನು ಕೇಳಿಕೊಂಡು ಹೋದೆ. ಮಗ್ಗದ ಸದ್ದು ಹೊರಗೇ ಕೇಳುತ್ತಿತ್ತು. ಹೊಸ್ತಿಲ ಬಳಿ ಅವನ ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಅವ್ವ ಮಗ್ಗದಿಂದ ಎದ್ದು ಬಂದಳು.

"ಹಾಸ್ಟೆಲ್ಲಿನ ಸರ್ರಲ್ಲೇನ್ರಿ? ಬರ್ರಿ, ಕುಂಡ್ರಿ."

ಚಹಾ ಕೊಟ್ಟಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಮಗ ಊರ ಹೊರಗೆ ಕಲ್ಲು ಕೊಯ್ಯುವ ಫ್ಯಾಕ್ಟರಿಗೆ ಹೋಗುತ್ತಾನೆ ಎಂದಳು. "ಮದ್ಯಾನ ಊಟಕ್ಕ ಬರ್ತಾನ್ರಿ. ಬರುವಾಗ ಹಂಗ ಬರ್ತಾನ. ನೀವೇನೂ ಅನಕೋಬ್ಯಾಡ್ರಿ."

ಒಂದು ಗಂಟೆಗೆ ಬಂದ. ಹುಬ್ಬಿನ ಮೇಲೆ ಕೆಂಪು ಕಲ್ಲಿನ ಧೂಳು. ನನ್ನನ್ನು ಕಂಡು ನಿಂತ, ಬಾಗಿ ಕಾಲು ಮುಟ್ಟಿದ, ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಹಾಜರಿಯಲ್ಲಿ ನಿಲ್ಲುವಷ್ಟೇ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡ.

"ಊದ್ಲೇನ್ರಿ ಸರ್?"

"ಸುಮ್ನಿರೋ" ಎಂದಳು ಅವ್ವ.

ಊದುವ ಅಗತ್ಯವಿರಲಿಲ್ಲ, ವಾಸನೆ ಅಷ್ಟು ದೂರದಿಂದಲೇ ಬರುತ್ತಿತ್ತು. ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟೆ. ಬಿಚ್ಚಿ ನೋಡಿದವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಮಾಲೆಯನ್ನು ಎತ್ತಿಕೊಂಡ.

"ಹಾಕ್ಕೋ" ಎಂದಳು ಅವ್ವ. "ಸರ್ರ ಕೈಲೆ ಬಂದೈತಿ, ಹಾಕ್ಕೋ. ಸರ್ರ, ನೀವರ ಹೇಳ್ರಿ."

"ಈಗ ಯಾರ ಸಲುವಾಗಿ ಹಾಕ್ಕೊಳ್ಲಿ ಬೇ?" ಎಂದ ಅವನು, ಸಿಟ್ಟಿಲ್ಲದೆ. "ಆಗ ಕುಡಿ ಕುಡಿ ಅಂತಿದ್ರು. ಈಗ ಯಾರೂ ಅನ್ನೂದಿಲ್ಲ."

ನಾನು ಬಸ್ಸಿನಲ್ಲಿ ಬರುವಾಗ ಹೇಳಬೇಕಾದದ್ದನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಅದರಲ್ಲಿ ಒಂದೇ ಒಂದು ಬಾಯಿಗೆ ಬಂತು.

"ತಮ್ಮಾ, ಅವತ್ತ ನಾ ಒಲ್ಲೆ ಅಂತ ಹೇಳ್ತಿದ್ದೆ ಅಂದಿದ್ದೆ. ಅದು ಖರೆ ಅಲ್ಲ. ಶನಿವಾರ ಒಪ್ಪತ್ತು ಅಂತ ಹೇಳ್ತಿದ್ದೆ. ಒಪ್ಪತ್ತು ನಾ ಎಂದೂ ಮಾಡಿಲ್ಲ."

ಅವನು ಮಾಲೆಯ ಮಣಿಗಳನ್ನು ನೋಡುತ್ತ ನಿಂತ.

"ಎಷ್ಟ ವರ್ಷ ಹಂಗ ಹೇಳಿದ್ರಿ ಸರ್?"

"ಮೊನ್ನಿ ರಿಟಾಯರ್ ಆಗೂ ಮಟಾ."

"ನಿಮ್ಮ ಶನಿವಾರನ್ನ ಯಾರೂ ತೆಗಸ್ಲಿಲ್ಲೇನ್ರಿ?"

"ಇಲ್ಲ" ಎಂದೆ.

ತಲೆಯಾಡಿಸಿದ. ಮಾಲೆಯನ್ನು ಮಗ್ಗದ ಪಕ್ಕದ ಗೋಡೆಯ ಮೊಳೆಗೆ ಹಾಕಿ ಕೈ ತೊಳೆದು ಉಣ್ಣಲು ಕೂತ. ಹತ್ತು ನಿಮಿಷದಲ್ಲಿ ಉಂಡು ಮುಗಿಸಿದ. ಅಂದು ಹೊಸ ಸೆರಗು ಸೇರಿಸುವ ದಿನ. ಅವ್ವ ಮತ್ತೆ ಮಗ್ಗಕ್ಕೆ ಹೋಗಿ ಕೊಂಡಿ ಹಾಕತೊಡಗಿದ್ದಳು. ಹೊರಡುವ ಮುನ್ನ ಅವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಎಳೆ ಹಿಡಿಯಲು ಕೈ ಚಾಚಿದ. ಅವಳು ತಲೆ ಎತ್ತದೆ, ಮೊಣಕೈಯಿಂದ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನೀ ಬ್ಯಾಡ. ನೀ ಕೆಲಸಕ್ಕ ಹೋಗು."

ಅವನು ಎದ್ದು ನನಗೆ ಕೈಮುಗಿದು ಹೋದ. ನಾನು ಎರಡೂಕಾಲಿನ ಬಸ್ಸಿಗೆ ಬಂದೆ.